ಯಾಜಕಕಾಂಡ ಬಿಟ್ಟು ರೂತಳನ್ನಷ್ಟೇ ಓದಿದರೆ ತಪ್ಪಾ?

ಪ್ರಶ್ನೆ: ನನಗೆ 32 ವರ್ಷ. ಎರಡು ಸಲ ಗರ್ಭ ನಿಲ್ಲಲಿಲ್ಲ. ಅದಾದ ಮೇಲೆ ಸತ್ಯವೇದದಲ್ಲಿ (ಬೈಬಲಿನಲ್ಲಿ) ರೂತಳ ಪುಸ್ತಕ ಮತ್ತು 88ನೇ ಕೀರ್ತನೆ ಬಿಟ್ಟರೆ ಬೇರೇನೂ ಓದಲು ಆಗುತ್ತಿಲ್ಲ. ಅತ್ತೆ ದಿನಕ್ಕೆ ಮೂರು ಅಧ್ಯಾಯ, ಭಾನುವಾರ ಐದು ಓದಿ ವರ್ಷಕ್ಕೊಮ್ಮೆ ಇಡೀ ಸತ್ಯವೇದ ಮುಗಿಸುತ್ತಾರೆ. ‘ಬೇಕಾದ್ದನ್ನಷ್ಟೇ ಆರಿಸಿ ಓದೋದು ಭಕ್ತಿ ಅಲ್ಲ’ ಅನ್ನುತ್ತಾರೆ. ಮನೆ ಪ್ರಾರ್ಥನೆಗೆ ಬಂದವರು, ಮಕ್ಕಳಿಲ್ಲದೆ ಅತ್ತು ಪ್ರಾರ್ಥಿಸಿ ಮಗನನ್ನು ಪಡೆದ ಹನ್ನಳ ಕಥೆ ಓದು ಅನ್ನುತ್ತಾರೆ. ನಾನು ತಪ್ಪು ಮಾಡ್ತಿದ್ದೀನಾ?
– ಹೆಸರು ಬೇಡ, ಧಾರವಾಡ

ಉತ್ತರ: ಇಲ್ಲ, ಖಂಡಿತ ಇಲ್ಲ.

ಆರಿಸಿ ಓದುವುದು ನಿಮ್ಮಿಂದ ಶುರುವಾದದ್ದಲ್ಲ. ಲೂಕನ ಸುವಾರ್ತೆಯ ನಾಲ್ಕನೇ ಅಧ್ಯಾಯ ತೆಗೆದು ನೋಡಿ. ನಜರೇತಿನ ಸಭಾಮಂದಿರದಲ್ಲಿ ಯೇಸುವಿನ ಕೈಗೆ ಯೆಶಾಯನ ಸುರುಳಿ ಕೊಡುತ್ತಾರೆ. ಬಡವರಿಗೆ ಶುಭವಾರ್ತೆ, ಸೆರೆಯಲ್ಲಿದ್ದವರಿಗೆ ಬಿಡುಗಡೆ ಅನ್ನುವ ಭಾಗವನ್ನು ಆತ ಓದುತ್ತಾನೆ. ಯೆಶಾಯನಲ್ಲಿ ಅದೇ ಮಾತು ಮುಂದುವರಿದು ದೇವರು ಸೇಡು ತೀರಿಸುವ ದಿನಕ್ಕೆ ಹೋಗುತ್ತದೆ. ಯೇಸು ಅಲ್ಲಿಗೆ ಹೋಗುವುದಿಲ್ಲ. ಅದಕ್ಕೆ ಮೊದಲೇ ಸುರುಳಿ ಸುತ್ತಿ ಕೊಟ್ಟು ಕೂತುಬಿಡುತ್ತಾನೆ.

ಇನ್ನು ನೀವು ಆರಿಸಿಕೊಂಡದ್ದೇನು ಸುಲಭದ್ದಾ? ಕೀರ್ತನೆಗಳಲ್ಲಿ ಗೋಳಾಡುವವು ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವು ಕೊನೆಯ ಹೊತ್ತಿಗೆ ಹೇಗೋ ಸ್ತುತಿಯ ಕಡೆ ತಿರುಗುತ್ತವೆ. 88 ತಿರುಗುವುದೇ ಇಲ್ಲ. ಹಗಲೂ ರಾತ್ರಿ ಕೂಗಿದೆ, ನೀನು ಮುಖ ಮರೆಮಾಡಿಕೊಂಡೆ ಅಂತ ದೇವರಿಗೇ ದೂರು ಹೇಳಿ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೊಂದು ಸಮಾಧಾನದ ಸಾಲು ಅಂಟಿಸುವುದು ಕಷ್ಟವೇನೂ ಇರಲಿಲ್ಲ. ಅಂಟಿಸದೆ ಹಾಗೇ ಉಳಿಸಿದ್ದಾರೆ ಅಂದರೆ, ನಿಮ್ಮಂಥ ದಿನಗಳಿಗೂ ಪ್ರಾರ್ಥನೆಯಲ್ಲಿ ಜಾಗ ಇದೆ ಅಂತ ತಾನೇ?

ಹನ್ನಳ ಕಥೆ ಬೇರೆ ವಿಷಯ. ಕಥೆಯ ಮೇಲೆ ನನಗೆ ತಕರಾರಿಲ್ಲ. ಆದರೆ ಅದನ್ನು ಇನ್ನೊಬ್ಬರು ನಿಮ್ಮ ಕೈಗೆ ತುರುಕುವಾಗ, ಜೊತೆಗೆ ‘ಮುಂದಿನ ವರ್ಷ ಮಡಿಲು ತುಂಬುತ್ತೆ’ ಅನ್ನುವ ಮಾತನ್ನೂ ತುರುಕುತ್ತಾರೆ. ಹಾಗೆ ಮಾತು ಕೊಡಲು ಅವರು ಯಾರು? ಹೊಸ ವರ್ಷದ ವಾಗ್ದಾನದ ಕಾರ್ಡುಗಳ ಹಣೆಬರಹವೂ ಇದೇ. ನಿಮಗೆ ಒಳ್ಳೆಯ ಗತಿ, ನಿರೀಕ್ಷೆ ಕೊಡುತ್ತೇನೆ ಅನ್ನುವ ಯೆರೆಮೀಯ 29:11 ಎಷ್ಟು ಮನೆಗಳ ಗೋಡೆಯ ಮೇಲಿದೆ! ಅದರ ಹಿಂದಿನ ವಚನದಲ್ಲೇ, ಅದಕ್ಕೆ ಮೊದಲು ಜನರನ್ನು ಸೆರೆ ಒಯ್ದ ಬಾಬೆಲಿಗೆ 70 ವರ್ಷ ತುಂಬಬೇಕು ಅಂತಿದೆ. ಅದನ್ನು ಮಾತ್ರ ಯಾರೂ ಅಚ್ಚು ಹಾಕಿಸಲ್ಲ. ‘ಸದ್ಯಕ್ಕೆ ಹನ್ನಳನ್ನು ಓದೋಕೆ ನನ್ನಿಂದ ಆಗಲ್ಲ, ಬೇಕಿದ್ರೆ ಸುಮ್ನೆ ನನ್ನ ಪಕ್ಕ ಕೂತ್ಕೊಳ್ಳಿ’ ಅಂತ ಹೇಳಿ. ಕೆಲವರಿಗೆ ಬೇಜಾರಾಗಬಹುದು, ಆಗಲಿ.

ನಿಮಗೆ ಹೇಳಬೇಕಾದ್ದು ಒಂದಿದೆ. ಆರಿಸಿಕೊಂಡ ಭಾಗವನ್ನು ಪೂರ್ತಿ ಓದಿ. ಅದು ಬೇರೆಲ್ಲಿಗಾದರೂ ಕರೆದರೆ ಹೋಗಿ ನೋಡಿ. ಎರಡನೇ ಅಧ್ಯಾಯದಲ್ಲಿ ರೂತಳು ಬೋವಜನ ಹೊಲದಲ್ಲಿ, ಕೊಯ್ಯುವವರ ಹಿಂದೆ, ಬಿದ್ದ ಜವೆಗೋಧಿಯ ತೆನೆ ಆಯುತ್ತಾಳೆ. ಮೋವಾಬಿನಿಂದ ಬಂದ ವಿಧವೆ, ಊರಲ್ಲಿ ಗುರುತಿನವರಿಲ್ಲ. ಆದರೂ ಅವಳಿಗೆ ಹಕ್ಕಲಾಯಲು ಬಿಡುವ ಪದ್ಧತಿ ಅಲ್ಲಿತ್ತು. ಹೊಲದ ಅಂಚಿನ ತನಕ ಕೊಯ್ಯಬೇಡ, ಉದುರಿದ್ದನ್ನು ಬಡವರಿಗೂ ಪರದೇಶದವರಿಗೂ ಬಿಡು ಅನ್ನುವ ಆ ಕಟ್ಟಳೆ ಬರೆದಿರುವುದು ಸತ್ಯವೇದದ ಕಟ್ಟಳೆಗಳ ಪುಸ್ತಕವಾದ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಅನ್ನುವ ಮಾತೂ ಅಲ್ಲೇ, ಕೆಲವೇ ವಚನ ಕೆಳಗಿದೆ. ಎಲ್ಲರೂ ಹಾರಿಸಿ ಓದುವ ಪುಸ್ತಕ ಅದು! ಈಗಲೇ ಓದಿ ಅನ್ನುತ್ತಿಲ್ಲ. ಮನಸ್ಸಾದಾಗ ಆ ಒಂದು ಅಧ್ಯಾಯ ನೋಡಿ.

ಅತ್ತೆಯವರ ಜೊತೆ ವಾದ ಬೇಡ. ಒಂದು ಸಂಜೆ ರೂತಳ ಮೊದಲ ಅಧ್ಯಾಯವನ್ನು ಅವರಿಂದಲೇ ಜೋರಾಗಿ ಓದಿಸಿ. ಅದರಲ್ಲಿರುವವರೂ ಅತ್ತೆ ಸೊಸೆಯೇ. ಗಂಡನನ್ನೂ ಇಬ್ಬರು ಗಂಡುಮಕ್ಕಳನ್ನೂ ಕಳೆದುಕೊಂಡ ನೊವೊಮಿ ಬೇತ್ಲೆಹೇಮಿನ ಹೆಂಗಸರ ಎದುರು, ತುಂಬಿದವಳಾಗಿ ಹೋದೆ, ದೇವರು ಬರಿಗೈಯಲ್ಲಿ ತಂದ ಅಂತ ಹೇಳಿಬಿಡುತ್ತಾಳೆ. ಅವಳ ಬಾಯಿ ಮುಚ್ಚಿಸಲು ಯಾರೂ ವಚನ ಹೇಳುವುದಿಲ್ಲ. ಆ ಜಾಗ ಬಂದಾಗ, ‘ಅತ್ತೆ, ನನಗೂ ಹೀಗೇ ಅನಿಸುತ್ತೆ’ ಅನ್ನಿ. ವರ್ಷ ವರ್ಷ ಓದಿದವರು, ಅವರಿಗೂ ಹೇಳಿಕೊಳ್ಳದೆ ಇಟ್ಟುಕೊಂಡದ್ದು ಏನಾದರೂ ಇರಬಹುದು. ಅಷ್ಟಾದ ಮೇಲೂ ಅವರು ಒಪ್ಪದಿದ್ದರೆ, ಅವರ ಮೂರು ಅಧ್ಯಾಯ ಅವರಿಗಿರಲಿ.

ಇನ್ನೊಂದು ಮಾತು. ನಿದ್ದೆ ಬಾರದೆ, ಊಟ ಸೇರದೆ ವಾರಗಟ್ಟಲೆ ಆಗಿದ್ದರೆ ಕೀರ್ತನೆಯೊಂದನ್ನೇ ನಂಬಿ ಕೂರಬೇಡಿ. ನಿಮ್ಮ ಊರಲ್ಲೇ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡು ಕೊಡಬೇಕಿಲ್ಲ. ಮೊದಲ ಸಲ ಹೋಗುವಾಗ ಗಂಡನನ್ನೂ ಕರೆದುಕೊಂಡು ಹೋಗಿ. ಪತ್ರದಲ್ಲಿ ಅವರ ಸುದ್ದಿಯೇ ಇಲ್ಲ, ಕಳೆದುಕೊಂಡದ್ದು ಅವರೂ ಅಲ್ವಾ?