ಮೊಬೈಲಿನಲ್ಲಿ ಸಣ್ಣಪುಟ್ಟ ಆನ್‌ಲೈನ್ ಕೆಲಸ ಮಾಡಿ ತಿಂಗಳಿಗೆ ಎರಡು ಸಾವಿರ ಗಳಿಸಬಹುದೇ?

ಕುಮಟಾದಲ್ಲಿ ಬಿ.ಕಾಂ. ಎರಡನೆಯ ವರ್ಷ ಓದುತ್ತಿರುವುದಾಗಿಯೂ, ರೀಚಾರ್ಜು ಮತ್ತು ಪುಸ್ತಕದ ಖರ್ಚಿಗೆ ಮನೆಯಲ್ಲಿ ಕೈಚಾಚದಿರಲು ತಿಂಗಳಿಗೆ ಎರಡು ಸಾವಿರ ರೂಪಾಯಿ ಬೇಕೆಂದೂ, 500 ರೂಪಾಯಿ ಠೇವಣಿ ಇಟ್ಟರೆ ಕೆಲಸ ಕೊಡುವುದಾಗಿ ಟೆಲಿಗ್ರಾಂ ಗುಂಪೊಂದರಲ್ಲಿ ಹೇಳುತ್ತಿದ್ದಾರೆಂದೂ ಬರೆದಿದ್ದೀರಿ. ಠೇವಣಿಯನ್ನು ಕಟ್ಟಬೇಡಿ, ಕಾರಣವನ್ನು ಮುಂದೆ ಹೇಳುತ್ತೇನೆ. ಎರಡು ಸಾವಿರ ಗಳಿಸುವುದು ಸಾಧ್ಯ, ಆದರೆ ಪ್ರತಿ ತಿಂಗಳೂ ಅಲ್ಲ, ಎಲ್ಲ ಬಗೆಯ ಕೆಲಸದಿಂದಲೂ ಅಲ್ಲ.

ನಾನು ಶಿರಸಿ ಸಮೀಪದ ಹಳ್ಳಿಯವಳು. 2020ರ ಲಾಕ್‌ಡೌನಿನಲ್ಲಿ ಸಮೀಕ್ಷೆಗಳಿಗೆ ಉತ್ತರಿಸುವ ಮತ್ತು ಚಿತ್ರಗಳಲ್ಲಿರುವ ವಸ್ತುಗಳನ್ನು ಗುರುತಿಸುವ ಕೆಲಸದಿಂದ ಆರಂಭಿಸಿದೆ. ನಮ್ಮಲ್ಲಿ ಅಡಿಕೆ ಸುಲಿಯುವವರಿಗೆ ಸುಲಿದ ತೂಕದ ಮೇಲೆ ಕೂಲಿ. ಇದೂ ಅಂಥದ್ದೇ ಎಂದು ಭಾವಿಸಿದ್ದೆ. ಆದರೆ ಅಡಿಕೆಯ ರಾಶಿ ಕಣ್ಣೆದುರಿಗೇ ಇರುತ್ತದೆ, ಇಲ್ಲಿ ರಾಶಿ ಯಾವಾಗ ಬಂದೀತೆಂದು ಕಾಯುವುದೇ ಅರ್ಧ ದಿನ, ಸುಲಿದುಕೊಟ್ಟದ್ದನ್ನೂ ಕೆಲವೊಮ್ಮೆ ತೂಗದೆಯೇ ತಳ್ಳಿಹಾಕುತ್ತಾರೆ. ಹದಿನೈದು ನಿಮಿಷ ಪ್ರಶ್ನೆಗಳಿಗೆ ಉತ್ತರಿಸಿದ ಮೇಲೆ ‘ಈ ಸಮೀಕ್ಷೆಗೆ ನೀವು ಅರ್ಹರಲ್ಲ’ ಎಂದು ಬಂದರೆ ಆ ಹೊತ್ತಿಗೆ ಬೆಲೆಯಿಲ್ಲ. ಕಾದ ಸಮಯವನ್ನೂ ಸೇರಿಸಿ ಒಂದು ತಿಂಗಳು ಲೆಕ್ಕ ಬರೆದಿಟ್ಟಾಗ 31 ಗಂಟೆಗೆ 1,140 ರೂಪಾಯಿ, ಅಂದರೆ ಗಂಟೆಗೆ 37 ರೂಪಾಯಿಯೂ ಆಗಿರಲಿಲ್ಲ. ಸಮೀಕ್ಷೆಗಳಿಗೆ ಉತ್ತರಿಸುವ ಆ್ಯಪ್ ಆದ ಗೂಗಲ್ ಒಪೀನಿಯನ್ ರಿವಾರ್ಡ್ಸ್ ಮೋಸವಲ್ಲ, ಆದರೆ ಆಂಡ್ರಾಯ್ಡ್ ಫೋನಿನಲ್ಲಿ ಅದು ಕೊಡುವುದು ಪ್ಲೇ ಸ್ಟೋರಿನಲ್ಲಷ್ಟೇ ಖರ್ಚಾಗುವ ಮೊತ್ತ. ಅದರಿಂದ ಪುಸ್ತಕದಂಗಡಿಯ ಬಾಕಿ ತೀರದು.

ನನಗೆ ಕೈಹಿಡಿದದ್ದು ಕನ್ನಡವೇ. ಯಂತ್ರಗಳಿಗೆ ಮಾತು ಕಲಿಸಲು ಕನ್ನಡದ ಧ್ವನಿಮುದ್ರಣಗಳೂ ಅವುಗಳ ಬರಹರೂಪವೂ ಬೇಕಾಗಿವೆ. ಬೆಂಗಳೂರಿನ ‘ಕಾರ್ಯ’ದಂತಹ ಸಂಸ್ಥೆಗಳು ಭಾರತೀಯ ಭಾಷೆಗಳ ಇಂತಹ ಕೆಲಸಕ್ಕೆ ಹಣ ಕೊಡುತ್ತವೆ. ಚಿತ್ರ ಗುರುತಿಸುವ ಕೆಲಸಕ್ಕೆ ಜಗತ್ತಿನಾದ್ಯಂತ ಪೈಪೋಟಿ, ಕನ್ನಡ ಓದಿ ಬರೆಯುವ ಕೆಲಸಕ್ಕೆ ಅಷ್ಟಿಲ್ಲ. ವಾಕ್ಯಗಳನ್ನು ಓದಿ ಮುದ್ರಿಸುವುದು ಸುಲಭವೆನಿಸಿದರೂ ಆಷಾಢದಲ್ಲಿ ನಮ್ಮ ಹಂಚಿನ ಮಾಡಿನ ಮೇಲೆ ಸುರಿಯುವ ಮಳೆಯ ಸದ್ದಿನಿಂದ ನನ್ನ ಮುದ್ರಣಗಳು ಸಾಲುಸಾಲಾಗಿ ತಿರಸ್ಕೃತವಾದವು. ಕೊನೆಗೆ ಮಳೆ ಹೊಳವಾದ ಹೊತ್ತು ನೋಡಿ, ಕಂಬಳಿ ಹೊದ್ದು ಓದುತ್ತಿದ್ದೆ. (ಅಮ್ಮ ನನಗೆ ಜ್ವರ ಬಂದಿದೆಯೆಂದು ಕಷಾಯ ಮಾಡಿ ತಂದದ್ದೂ ಉಂಟು.) ಧ್ವನಿಯನ್ನು ಕೇಳಿ ಬರೆಯುವ ಕೆಲಸದಲ್ಲಿ ಗಳಿಕೆ ಹೆಚ್ಚು, ಶ್ರಮವೂ ಹೆಚ್ಚು. ಒಂದು ನಿಮಿಷದ ಮಾತನ್ನು ಬರೆಯಲು ಮೊದಮೊದಲು ಎಂಟು ನಿಮಿಷ ಹಿಡಿಯುತ್ತಿತ್ತು, ಆದ್ದರಿಂದ ‘ನಿಮಿಷಕ್ಕೆ ಇಷ್ಟು’ ಎಂದರೆ ಧ್ವನಿಯ ನಿಮಿಷವೋ ನಿಮ್ಮ ನಿಮಿಷವೋ ಎಂದು ಮೊದಲೇ ಕೇಳಿಕೊಳ್ಳಿ. ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದು ಅಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುವುದರಿಂದ ಎಲ್ಲ ಫೋನು, ಕಂಪ್ಯೂಟರುಗಳಲ್ಲೂ ಸರಿಯಾಗಿ ಕಾಣುವ ಯುನಿಕೋಡಿನಲ್ಲೇ ಬರೆಯಬೇಕು. ಕಳೆದ ವರ್ಷ ಕೆಲಸವಿದ್ದ ತಿಂಗಳುಗಳಲ್ಲಿ ನನಗೆ ಎರಡರಿಂದ ಮೂರು ಸಾವಿರ ಬಂದಿದೆ, ಎರಡು ತಿಂಗಳು ಏನೂ ಬಂದಿಲ್ಲ.

ಹಣ ಪಡೆಯುವ ಬಗೆಯನ್ನು ಕೆಲಸಕ್ಕೆ ಮುನ್ನವೇ ನೋಡಿಕೊಳ್ಳಿ. ಕನಿಷ್ಠ ಮೊತ್ತ ತುಂಬುವವರೆಗೆ ಹಲವರು ಕೊಡುವುದಿಲ್ಲ. ಆನ್‌ಲೈನ್ ಹಣಪಾವತಿ ಸೇವೆಯಾದ ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿಯನ್ನು ನಿಲ್ಲಿಸಿದ್ದು, ವಿದೇಶದಿಂದ ಬರುವ ಹಣಕ್ಕಷ್ಟೇ ಉಪಯೋಗವಾಗುತ್ತದೆ. ಶುಲ್ಕ ಮತ್ತು ಡಾಲರಿನ ವಿನಿಮಯದಲ್ಲಿ ಸ್ವಲ್ಪ ಸೋರುತ್ತದೆ.

ಇನ್ನು ಆ ಟೆಲಿಗ್ರಾಂ ಗುಂಪು. ನಮ್ಮ ನೆರೆಮನೆಯ ಹುಡುಗನಿಗೆ ವಿಡಿಯೋಗಳಿಗೆ ಲೈಕ್ ಒತ್ತಿದ್ದಕ್ಕೆ ಮೊದಲ ದಿನ 150 ರೂಪಾಯಿ ನಿಜವಾಗಿಯೂ ಬಂತು. ಮರುದಿನ ಸಾವಿರ ಕಟ್ಟಿಸಿಕೊಂಡು 1,300 ಮರಳಿಸಿದರು. ಆಮೇಲೆ ಐದು ಸಾವಿರ ಕಟ್ಟಿದಾಗ, ಅವನು ಕೆಲಸದಲ್ಲಿ ತಪ್ಪು ಮಾಡಿದ್ದರಿಂದ ಹಣ ತಡೆಹಿಡಿಯಲಾಗಿದೆ, ಬಿಡಿಸಿಕೊಳ್ಳಲು ಇನ್ನೂ ಏಳು ಸಾವಿರ ಬೇಕು ಎಂದರು, ಅದನ್ನೂ ಕಟ್ಟಿದ. ಒಟ್ಟು ಹನ್ನೆರಡು ಸಾವಿರ ಹೋಯಿತು. ಆರಂಭದಲ್ಲಿ ಬರುವ ಆ ನೂರೈವತ್ತು ಇನ್ನೊಬ್ಬ ವಂಚಿತನ ಹಣವೂ ಆಗಿರಬಹುದು. ಅವನು ದೂರು ಕೊಟ್ಟರೆ ಹಣ ಬಂದ ನಿಮ್ಮ ಖಾತೆಯೂ ತಡೆಹಿಡಿಯಲ್ಪಡುವ ಅಪಾಯವಿದೆ. ನಿಮ್ಮ ಖಾತೆಗೆ ಹಣ ಬರಲು ಯುಪಿಐ ಪಿನ್ ಒತ್ತಬೇಕಾಗಿಲ್ಲ ಎಂಬುದೂ ನೆನಪಿರಲಿ. ನೀವು ಈಗಾಗಲೇ 500 ಕಟ್ಟಿದ್ದರೆ, ಸಂದೇಶಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಿಮ್ಮ ಬ್ಯಾಂಕಿನ ಶಾಖೆಗೂ ತಿಳಿಸಿ.