ಅಪ್ಪನ ಹಳೆಯ ಸ್ಪೈಸ್ ನಂಬರನ್ನು ಬಿಟ್ಟು ಹೊಸದು ತೆಗೆದುಕೊಳ್ಳಲೇ?

ಬೇಡ. ನಿಮ್ಮ ಅಪ್ಪನ ನಂಬರ್ ಮೊದಲು ಸ್ಪೈಸ್ ಎಂಬ ಮೊಬೈಲ್ ಕಂಪನಿಯದಾಗಿತ್ತು, ಐಡಿಯಾ ಆಯಿತು, ಈಗ ವಿಐ. ಇಷ್ಟು ಕೈ ಬದಲಾದ ಕಂಪನಿಯನ್ನು ನಂಬುವುದು ಹೇಗೆ ಎಂದು ಕೇಳಿದ್ದೀರಿ. ನನ್ನದೂ 98440ರಿಂದಲೇ ಶುರುವಾಗುವ ಸ್ಪೈಸ್ ನಂಬರ್ ಆಗಿತ್ತು. 2001ರಲ್ಲಿ ತುಮಕೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ತೆರೆದಾಗ ತೆಗೆದುಕೊಂಡದ್ದು.

ಆಗ ಒಳಬರುವ ಕರೆಗೂ ದುಡ್ಡು. ರೈತರು ಕರೆ ಮಾಡಿದರೆ ನಂಬರ್ ನೋಡಿಕೊಂಡು, ಕತ್ತರಿಸಿ, ಎದುರಿನ ಎಸ್‌ಟಿಡಿ ಬೂತಿಗೆ ಓಡುತ್ತಿದ್ದೆ. 2003ರ ಮೇ ತಿಂಗಳಲ್ಲಿ ಒಳಬರುವ ಕರೆ ಉಚಿತವಾಯಿತು. ಅಂದಿನಿಂದ ನಾನು ರಿಪೇರಿ ಮಾಡಿದ ಪ್ರತಿ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಕೆಂಪು ಬಣ್ಣದಲ್ಲಿ ನನ್ನ ನಂಬರ್ ಬರೆದೆ. ಗುಬ್ಬಿ, ಸಿರಾ, ಮಧುಗಿರಿ, ಎಲ್ಲ ಕಡೆ.

ಸ್ಪೈಸ್ ಇದ್ದದ್ದು ಕರ್ನಾಟಕ ಮತ್ತು ಪಂಜಾಬ್ ಎಂಬ ಎರಡೇ ವಲಯಗಳಲ್ಲಿ. ದೇಶವಿಡೀ ಜಾಲ ಹರಡಿದವರ ಮುಂದೆ ಎರಡು ರಾಜ್ಯದ ಕಂಪನಿ ಎಷ್ಟು ದಿನ ನಿಂತೀತು? 2008ರಲ್ಲಿ ಐಡಿಯಾ ಅದನ್ನು ಕೊಳ್ಳಲು ಮುಂದಾಯಿತು. ಕೊನೆಗೆ ಫೋನಿನ ಪರದೆಯ ಮೇಲಿನ ಹೆಸರು ಬದಲಾಯಿತು, ನನ್ನ ನಂಬರಿನ ಒಂದಂಕಿಯೂ ಬದಲಾಗಲಿಲ್ಲ. ಗುಬ್ಬಿಯ ತೋಟದಲ್ಲಿ ಬರೆದದ್ದು ಸುಳ್ಳಾಗಲಿಲ್ಲ.

ಸುಳ್ಳು ಮಾಡಿದವನು ನಾನೇ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಎಲ್ಲ ಕಂಪನಿಗಳೂ ದರ ಇಳಿಸಿದವು. 2017ರ ನವೆಂಬರಿನಲ್ಲಿ ನಾನು ಹೊಸ ನಂಬರ್ ತೆಗೆದುಕೊಂಡು, ಹಳೆಯ ಸಿಮ್ಮನ್ನು ಮೇಜಿನ ಖಾನೆಯಲ್ಲಿ ತಾಮ್ರದ ತಂತಿಯ ತುಂಡುಗಳ ನಡುವೆ ಹಾಕಿಟ್ಟೆ. ಸಿಮ್ ನನ್ನ ಬಳಿ ಇದೆ, ಹಾಗಾಗಿ ನಂಬರ್ ನನ್ನದು ಎಂದುಕೊಂಡಿದ್ದೆ. ನನ್ನ ತಪ್ಪು ಅಲ್ಲೇ ಇತ್ತು. ನಂಬರ್ ನಮ್ಮ ಆಸ್ತಿಯಲ್ಲ. 90 ದಿನ ಕರೆ, ಸಂದೇಶ ಯಾವುದೂ ಇಲ್ಲದೆ, ಖಾತೆಯಲ್ಲಿ 20 ರೂಪಾಯಿಯೂ ಇಲ್ಲದಿದ್ದರೆ ಸಂಪರ್ಕ ಕಡಿತವಾಗುತ್ತದೆ, ಆ ನಂಬರ್ ಮುಂದೆ ಬೇರೆಯವರಿಗೆ ಹೋಗುತ್ತದೆ. ಕರೆನ್ಸಿ ಹಾಕಿಸಿ ತಿಂಗಳಿಗೊಂದು ಕರೆ ಮಾಡಿದ್ದರೂ ಅದು ಉಳಿಯುತ್ತಿತ್ತು. ನಂಬರ್ ಉಳಿಸಿಕೊಂಡೇ ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಿಂದ ದೇಶದಾದ್ಯಂತ ಇತ್ತು. ಅದನ್ನೂ ಮಾಡಲಿಲ್ಲ. ಮಾರ್ಚಿನಲ್ಲಿ ಖಾನೆ ತೆರೆದು ಸಿಮ್ ಹಾಕಿದಾಗ ಸಿಗ್ನಲ್ ಬರಲಿಲ್ಲ. ಅಂಗಡಿಗೆ ಹೋಗಿ ಕೇಳಿದರೆ, ನಿಯಮದ ಪ್ರಕಾರ ರದ್ದಾಗಿದೆ ಎಂದರು.

ಮಾರ್ಚ್ ಎಂದರೆ ಮೋಟಾರುಗಳು ಸುಡುವ ಕಾಲ. ಗುಬ್ಬಿಯ ರೈತರೊಬ್ಬರು ಮೂರು ದಿನ ಪೆಟ್ಟಿಗೆಯ ಮೇಲಿನ ನಂಬರಿಗೆ ಕರೆ ಮಾಡಿ, ಕೊನೆಗೆ ಬಸ್ ಹಿಡಿದು ಅಂಗಡಿಗೆ ಬಂದರು. ಅಷ್ಟರಲ್ಲಿ ಅವರ ಎಳೆಯ ಅಡಿಕೆ ಗಿಡಗಳು ಬಾಡಿದ್ದವು. 'ನೀವೇ ಬರೆದ ನಂಬರಲ್ಲವೇ' ಎಂದರು. ಉತ್ತರ ಕೊಡಲಾಗಲಿಲ್ಲ. ಆ ಬೇಸಿಗೆಯಲ್ಲಿ ಎಷ್ಟು ಜನ ಹೀಗೆ ಕರೆ ಮಾಡಿ ಬೇರೆ ಮೇಸ್ತ್ರಿಯ ಬಳಿ ಹೋದರೋ.

2018ರ ಆಗಸ್ಟ್ 31ರಂದು ವೊಡಾಫೋನ್ ಮತ್ತು ಐಡಿಯಾ ಒಂದಾದವು, 2020ರ ಸೆಪ್ಟೆಂಬರಿನಲ್ಲಿ ವಿಐ ಎಂಬ ಹೆಸರು ಬಂತು. ನಿಮ್ಮ ಅಪ್ಪನ ನಂಬರ್ ಅದನ್ನೆಲ್ಲ ದಾಟಿ ಬಂದಿದೆ. ಹಾಗಾಗಿ ಯಾವ ಕಂಪನಿ ಉಳಿಯುತ್ತದೆ ಎಂದು ಲೆಕ್ಕ ಹಾಕುತ್ತಾ ಕೂರಬೇಡಿ. ನಿಮ್ಮ ಊರಿನಲ್ಲಿ ಯಾವುದರ ಸಿಗ್ನಲ್ ಚೆನ್ನಾಗಿದೆಯೋ ಅಲ್ಲಿಗೆ ಅದೇ ನಂಬರನ್ನು ಒಯ್ಯಿರಿ. ಪೋರ್ಟ್ ಎಂದು ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು, ನಂಬರ್ ಸೇರಿಸಿ 1900ಕ್ಕೆ ಸಂದೇಶ ಕಳುಹಿಸಿದರೆ ಹೊಸ ಕಂಪನಿಗೆ ಕೊಡಬೇಕಾದ ಎಂಟು ಅಕ್ಷರಗಳ ಸಂಕೇತ ಬರುತ್ತದೆ; ಕರ್ನಾಟಕದಲ್ಲಿ ಅದು ನಾಲ್ಕು ದಿನ ಮಾತ್ರ ನಡೆಯುತ್ತದೆ. ಹೊಸ ಸಿಮ್ ಚಾಲೂ ಆಗುವವರೆಗೆ ಹಳೆಯದನ್ನು ಫೋನಿನಿಂದ ತೆಗೆಯಬೇಡಿ. ಅದಕ್ಕೂ ಮೊದಲು ಸಿಮ್ ಯಾರ ಹೆಸರಿನಲ್ಲಿದೆ ಎಂದು ಇವತ್ತೇ ಅಪ್ಪನನ್ನು ಕೇಳಿ.