ಇಲಿಯ ಕೂದಲಿನಿಂದ ತಳಿ ಗುರುತಿಸಬಹುದೇ?

ಪ್ರಶ್ನೆ: ನಾನು ಧಾರವಾಡದಲ್ಲಿ ಜೀವರಸಾಯನ ಶಾಸ್ತ್ರದ ಎಂ.ಎಸ್ಸಿ. ವಿದ್ಯಾರ್ಥಿನಿ. ಲ್ಯಾಬ್ ಇಲಿಗಳ ಜೀನ್ ಪರೀಕ್ಷೆಗೆ ಬಾಲದ ತುದಿ ಕತ್ತರಿಸಿ ಡಿಎನ್‌ಎ ತೆಗೆಯುತ್ತಾರೆ. ಅದರ ಬದಲು ಸ್ವಲ್ಪ ಕೂದಲು ಕತ್ತರಿಸಿ, ಅದರ ಪ್ರೋಟೀನ್ ನೋಡಿದರೆ ಸಾಲದೇ? ಇಲಿಗೆ ನೋವೂ ಇರುವುದಿಲ್ಲ ಅಲ್ವಾ?

ಉತ್ತರ: ಕೂದಲಿನ ಪ್ರೋಟೀನಿನಲ್ಲಿ ತಳಿಗಳ ವ್ಯತ್ಯಾಸ ಕಾಣುತ್ತದೆ, ಅದರಲ್ಲಿ ಅನುಮಾನವಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್ ಮತ್ತು ಅಮೆರಿಕದ ಜಾಕ್ಸನ್ ಲ್ಯಾಬೊರೇಟರಿಯವರು 2009ರಲ್ಲೇ ಇದನ್ನು ತೋರಿಸಿದರು. ಬೇರೆ ಬೇರೆ ಶುದ್ಧ ತಳಿಗಳ ಇಲಿಗಳ ಕೂದಲು ತಗೊಂಡು, ಯಾವ ಪ್ರೋಟೀನ್ ಎಷ್ಟಿದೆ ಎಂದು ಹೋಲಿಸಿ ನೋಡಿದರು. ಆ ಲೆಕ್ಕದಿಂದಲೇ ತಳಿಗಳನ್ನು ಬೇರೆ ಮಾಡಲು ಬಂತು.

ಆದರೂ ನಿಮ್ಮ ಲ್ಯಾಬಿನಲ್ಲಿ ದಿನನಿತ್ಯದ ಜೀನ್ ಪರೀಕ್ಷೆಗೆ ಇದನ್ನು ಬಳಸಿ ಎಂದು ನಾನು ಹೇಳುವುದಿಲ್ಲ. ಡಿಎನ್‌ಎಯ ಬೇಕಾದ ಭಾಗವನ್ನು ನಕಲು ಮಾಡಿ ಹೆಚ್ಚಿಸಿ ನೋಡುವ ಪಿಸಿಆರ್ ಅಗ್ಗ, ಬೇಗ ಮುಗಿಯುತ್ತದೆ, ಉತ್ತರವೂ ನೇರ. ನೋವಿನ ಬಗ್ಗೆ ನಿಮಗಿರುವ ಕಾಳಜಿ ತುಂಬಾ ಸರಿಯಾದದ್ದು. ಅದಕ್ಕೂ ದಾರಿ ಇದೆ. ಇಲಿಗಳ ಗುರುತಿಗೆಂದು ಅನೇಕ ಕಡೆ ಕಿವಿಗೆ ಹೇಗೂ ಸಣ್ಣ ತೂತು ಮಾಡುತ್ತಾರೆ. ಆ ಚೂರಿನಲ್ಲೇ ಬೇಕಾದಷ್ಟು ಡಿಎನ್‌ಎ ಸಿಗುತ್ತದೆ. ಬುಡಸಮೇತ ಕಿತ್ತ ಕೂದಲಿನಲ್ಲೂ ಸಿಗುತ್ತದೆ. ಕತ್ತರಿಸಿದ ಕೂದಲಿನ ಕಥೆಯೇ ಬೇರೆ. ಕೂದಲು ಗಟ್ಟಿಯಾಗುವಾಗ ಅದರ ಜೀವಕೋಶಗಳು ಸಾಯುತ್ತವೆ, ಒಳಗಿನ ಡಿಎನ್‌ಎಯೂ ಬಹುಪಾಲು ಚೂರುಚೂರಾಗುತ್ತದೆ. ಉಳಿಯುವುದು ಪ್ರೋಟೀನು, ಅದರಲ್ಲೂ ಕೆರಾಟಿನ್‌ಗಳೇ ಜಾಸ್ತಿ.

ಈ ಪ್ರೋಟೀನ್ ಸುಲಭಕ್ಕೆ ಕರಗುವುದಿಲ್ಲ. ಗಂಧಕದ ಕೊಂಡಿಗಳು ಅದನ್ನು ಬಿಗಿಯಾಗಿ ಹಿಡಿದಿರುತ್ತವೆ. ಮೊದಲು ಆ ಕೊಂಡಿಗಳನ್ನು ಬಿಡಿಸಬೇಕು, ಮತ್ತೆ ಕೂಡದ ಹಾಗೆ ತಡೆಯಬೇಕು. ಆಮೇಲೆ ಟ್ರಿಪ್ಸಿನ್ ಎಂಬ ಕಿಣ್ವ ಹಾಕುತ್ತಾರೆ. ಪ್ರೋಟೀನ್ ಎಂದರೆ ಅಮೈನೋ ಆಮ್ಲಗಳ ಸರಪಳಿ. ಲೈಸೀನ್ ಅಥವಾ ಆರ್ಜಿನೀನ್ ಎಂಬ ಅಮೈನೋ ಆಮ್ಲ ಬಂದಲ್ಲಿ ಟ್ರಿಪ್ಸಿನ್ ಅದನ್ನು ಕತ್ತರಿಸುತ್ತದೆ. ಹೀಗೆ ಸಿಕ್ಕ ತುಂಡುಗಳೇ ಪೆಪ್ಟೈಡ್‌ಗಳು. ಮಾಸ್ ಸ್ಪೆಕ್ಟ್ರೋಮೀಟರ್ ಅವುಗಳನ್ನು ತೂಗಿ, ಒಡೆದು, ಒಡೆದ ಚೂರುಗಳನ್ನೂ ತೂಗುತ್ತದೆ. ಜೀನಿನಲ್ಲಿ ಒಂದು ಅಕ್ಷರ ಬದಲಾಗಿ ಒಂದು ಅಮೈನೋ ಆಮ್ಲ ಬೇರೆಯಾದರೆ, ಆ ಪೆಪ್ಟೈಡಿನ ತೂಕ ಬದಲಾಗುತ್ತದೆ. ತಾಯಿಯ ಕಡೆಯಿಂದ ಒಂದು ಬಗೆ, ತಂದೆಯ ಕಡೆಯಿಂದ ಇನ್ನೊಂದು ಬಗೆ ಬಂದಿದ್ದರೆ ಎರಡೂ ಕಾಣಿಸಬಹುದು.

ಎಡವುವುದು ಇಲ್ಲೇ. ಲ್ಯೂಸೀನ್ ಮತ್ತು ಐಸೊಲ್ಯೂಸೀನ್ ಎಂಬ ಅಮೈನೋ ಆಮ್ಲಗಳ ತೂಕ ಒಂದೇ. ಒಂದರ ಜಾಗಕ್ಕೆ ಇನ್ನೊಂದು ಬಂದರೆ ಸಾಮಾನ್ಯ ಯಂತ್ರಕ್ಕೆ ಗೊತ್ತೇ ಆಗುವುದಿಲ್ಲ. ಅಲನೀನ್ ಹೋಗಿ ಸೀರೀನ್ ಬಂದರೆ 15.995 ಡಾಲ್ಟನ್ (ಅಣುಗಳ ತೂಕದ ಅಳತೆ) ಹೆಚ್ಚಾಗುತ್ತದೆ. ಪೆಪ್ಟೈಡಿಗೆ ಒಂದು ಆಮ್ಲಜನಕ ಅಂಟಿಕೊಂಡರೂ ಹೆಚ್ಚಾಗುವುದು ಅಷ್ಟೇ! ಆಸ್ಪರಜೀನ್ ಜಾಗದಲ್ಲಿ ಆಸ್ಪಾರ್ಟಿಕ್ ಆಮ್ಲ ಕಂಡರೂ ಅದು ಜೀನಿನ ಬದಲಾವಣೆ ಎಂದು ತಕ್ಷಣ ತೀರ್ಮಾನಿಸಬೇಡಿ. ಕೂದಲು ಹಳೆಯದಾದಾಗ ತಾನಾಗಿಯೇ ಆ ಬದಲಾವಣೆ ಆಗುತ್ತದೆ. ಹಾಗಾಗಿ ಒಂದೇ ಪೆಪ್ಟೈಡ್ ನಂಬಿ ತೀರ್ಮಾನ ಬರೆಯಬಾರದು. ಒಡೆದ ಚೂರುಗಳ ತೂಕ ನೋಡಿ, ಬದಲಾವಣೆ ಸರಿಯಾಗಿ ಯಾವ ಜಾಗದಲ್ಲಿದೆ ಎಂದು ಖಚಿತ ಮಾಡಿಕೊಳ್ಳಬೇಕು. ಆಗದಿದ್ದರೆ ಡಿಎನ್‌ಎಯಲ್ಲಿ ತಾಳೆ ನೋಡಬೇಕು.

ಇನ್ನೊಂದು ವಿಷಯ. 2002ರಲ್ಲಿ ಪ್ರಕಟವಾದ ಇಲಿಯ ಜೀನೋಮ್ (ಪೂರ್ತಿ ಡಿಎನ್‌ಎಯ ಬರಹ) ಕಪ್ಪು ಇಲಿಯದು, ಅಂದರೆ ಸಿ57 ಬ್ಲ್ಯಾಕ್ 6 ತಳಿಯದು. ಪೆಪ್ಟೈಡ್ ಹುಡುಕುವ ಪಟ್ಟಿಯೂ ಸಾಮಾನ್ಯವಾಗಿ ಅದನ್ನೇ ಆಧರಿಸಿರುತ್ತದೆ. ನಿಮ್ಮದು ಬೇರೆ ತಳಿಯಾದರೆ, ಅದರ ಬದಲಾದ ಪೆಪ್ಟೈಡ್ ಆ ಪಟ್ಟಿಯಲ್ಲೇ ಇರುವುದಿಲ್ಲ. ಸಾಫ್ಟ್‌ವೇರ್ ಸುಮ್ನೆ ಬಿಟ್ಟುಬಿಡುತ್ತದೆ. 17 ತಳಿಗಳ ಜೀನೋಮ್ ವ್ಯತ್ಯಾಸಗಳು 2011ರಲ್ಲೇ ಪ್ರಕಟವಾಗಿವೆ. ಅವನ್ನು ಪಟ್ಟಿಗೆ ಸೇರಿಸಿಯೇ ಹುಡುಕಿ.

ಹಾಗಾದರೆ ಇದರ ನಿಜವಾದ ಉಪಯೋಗ ಎಲ್ಲಿ? ಜೀನ್ ಕೆಟ್ಟಿದೆ ಎಂದು ಗೊತ್ತಾದ ಮೇಲೆ, ಕೂದಲಿನಲ್ಲಿ ಏನು ಬದಲಾಯಿತು ಎಂದು ತಿಳಿಯಬೇಕಾದಾಗ. ‘ನ್ಯೂಡ್’ ಇಲಿಯನ್ನೇ ನೋಡಿ. ಫಾಕ್ಸ್‌ಎನ್1 ಎಂಬ ಒಂದು ಜೀನ್ ಕೆಟ್ಟಿರುವುದರಿಂದ ಅದು ಬೋಳಾಗಿ ಕಾಣುತ್ತದೆ. ಆದರೆ ಅದರ ಚರ್ಮದೊಳಗೆ ಕೂದಲಿನ ಬುಡಗಳಿವೆ, ಕೂದಲು ಹುಟ್ಟುತ್ತಲೂ ಇರುತ್ತದೆ. ಕೆರಾಟಿನ್ ಸರಿಯಾಗಿ ಕೂಡದ ಕಾರಣ ಅದು ಗಟ್ಟಿಯಾಗದೆ ಬಾಗಿ ಮುರಿಯುತ್ತದೆ. ಜೀನ್ ಕೆಟ್ಟಿದೆಯೇ ಎಂದು ಪಿಸಿಆರ್ ಹೇಳುತ್ತದೆ. ಆ ಜೀನಿನಿಂದ ಯಾವ ಪ್ರೋಟೀನ್ ಕಡಿಮೆಯಾಯಿತು, ಯಾವುದು ಹೆಚ್ಚಾಯಿತು ಎಂದು ಹೇಳುವುದು ಪ್ರೋಟೀನ್ ಪರೀಕ್ಷೆ. ನನಗೆ ಈ ವಿಧಾನದ ಮೇಲೆ ಇಷ್ಟು ಗೌರವ ಇರುವುದು ಇದಕ್ಕೇ.

ಮಿತಿಯೂ ಇದೆ. ಬಾಲ್ಬ್‌ ಸಿ ತಳಿಯ ಇಲಿ ಬೆಳ್ಳಗಿರುವುದು, ಬಣ್ಣ ತಯಾರಿಸಲು ಬೇಕಾದ ಟೈರೊಸಿನೇಸ್ ಎಂಬ ಪ್ರೋಟೀನಿನ ಜೀನಿನಲ್ಲಿ ಒಂದೇ ಅಕ್ಷರ ಬದಲಾಗಿರುವುದರಿಂದ. ಬರಿಗಣ್ಣಿಗೆ ಎದ್ದು ಕಾಣುವ ಈ ವ್ಯತ್ಯಾಸವನ್ನು ಕೂದಲಿನ ಪೆಪ್ಟೈಡ್‌ಗಳಲ್ಲಿ ಹಿಡಿಯುವುದು ಕಷ್ಟ. ಅಷ್ಟೊಂದು ಕೆರಾಟಿನ್ ನಡುವೆ ಟೈರೊಸಿನೇಸ್ ಮುಳುಗಿಹೋಗುತ್ತದೆ.

ಪ್ರಶ್ನೆ: ಮನುಷ್ಯರ ಕೂದಲಿಗೂ ಇದು ಅನ್ವಯಿಸುತ್ತದೆಯೇ? ಅಪರಾಧ ನಡೆದ ಜಾಗದಲ್ಲಿ ಸಿಕ್ಕ ಕೂದಲಿನಿಂದ ವ್ಯಕ್ತಿಯನ್ನು ಗುರುತಿಸಬಹುದೇ?

ಉತ್ತರ: ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದವರು ಮತ್ತು ಜೊತೆಗಾರರು 2016ರಲ್ಲಿ ಇದನ್ನು ಮನುಷ್ಯರ ಕೂದಲಿನಲ್ಲಿ ಮಾಡಿ ತೋರಿಸಿದರು. ಬುಡವಿಲ್ಲದ ಕೂದಲಿನಲ್ಲಿ ಮೈಟೊಕಾಂಡ್ರಿಯಾದ (ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗದ) ಡಿಎನ್‌ಎ ಸಿಗುತ್ತದೆ, ಆದರೆ ಅದು ತಾಯಿಯ ಕಡೆಯಿಂದ ಮಾತ್ರ ಬರುವಂಥದ್ದು. ತಾಯಿ, ಮಕ್ಕಳು ಎಲ್ಲರದೂ ಒಂದೇ ಬಗೆ. ಪೆಪ್ಟೈಡ್‌ಗಳು ತಂದೆಯ ಕಡೆಯ ಸುಳಿವನ್ನೂ ಕೊಡುತ್ತವೆ. ಆದರೂ ಬುಡ ಸಿಕ್ಕಿದ್ದರೆ ಮೊದಲು ಡಿಎನ್‌ಎ ಪರೀಕ್ಷೆಯೇ ಸರಿ.

ಪ್ರಶ್ನೆ: ನಮ್ಮ ಪ್ರಾಜೆಕ್ಟಿಗೆ ಇಲಿಯ ಕೂದಲು ಸಂಗ್ರಹಿಸಬೇಕಿದೆ. ಏನು ಎಚ್ಚರ ಬೇಕು?

ಉತ್ತರ: ಕೂದಲು ತಾನೇ ಎಂದು ನೇರ ಕತ್ತರಿ ಹಿಡಿಯಬೇಡಿ. ಮೊದಲು ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯನ್ನು ಕೇಳಿ. ಎಲ್ಲ ಇಲಿಗಳ ವಯಸ್ಸು ಒಂದೇ ಇರಲಿ, ಬೆನ್ನಿನ ಒಂದೇ ಜಾಗದಿಂದ ಕತ್ತರಿಸಿ. ಇಲಿಯ ಮೈಮೇಲೆ ನಾಲ್ಕು ಬಗೆಯ ಕೂದಲಿರುತ್ತದೆ, ಜಾಗ ಬದಲಾದರೆ ಅವುಗಳ ಪಾಲೂ ಬದಲಾಗಬಹುದು. ಚೆನ್ನಾಗಿ ತೊಳೆಯಿರಿ. ಇಲಿಗಳು ಒಂದನ್ನೊಂದು ನೆಕ್ಕುತ್ತವೆ, ಮೈಗೆ ಮೂತ್ರವೂ ತಾಗುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸಾಕಷ್ಟಿದೆ, ಅದರಲ್ಲೂ ಗಂಡಿನದರಲ್ಲಿ ಜಾಸ್ತಿ. ಗ್ಲೌಸ್ ಹಾಕಿ. ಆ ದಿನ ಉಣ್ಣೆ ಸ್ವೆಟರ್ ಹಾಕಿ ಲ್ಯಾಬಿಗೆ ಹೋಗಬೇಡಿ. ಉಣ್ಣೆಯೂ ಕೆರಾಟಿನ್ನೇ. ಕುರಿಯ ಪೆಪ್ಟೈಡ್ ಇಲಿಯ ಲೆಕ್ಕಕ್ಕೆ ಸೇರಿಕೊಂಡರೆ ಆಮೇಲೆ ಬೇರೆ ಮಾಡುವುದು ಕಷ್ಟ.